ತೊಲೆಗೆ ಕಟ್ಟಿದ ಗಂಟುಗಳು

ಅವಳ ಹೆಸರು ಬರೆಯುವುದಿಲ್ಲ. ಬರೆದರೆ ಬೈಯುತ್ತಾಳೆ ಅನ್ನುವ ಹೆದರಿಕೆ ನನಗೆ ಈಗಲೂ ಇದೆ. ಬೈಯುವವಳು ಮಣ್ಣು ಸೇರಿ ಎಷ್ಟು ವರ್ಷವಾದರೇನು. ನಾನು ಅವಳನ್ನು ದೊಡ್ಡವ್ವ ಅನ್ನುತ್ತಿದ್ದೆ. ಊರಿನ ಅರ್ಧ ಜನ ಹಾಗೇ ಅನ್ನುತ್ತಿದ್ದರು, ಇನ್ನರ್ಧ ಜನ ಅವಳ ಬಾಯಿಗೆ ಹೆದರಿ ಏನೂ ಅನ್ನುತ್ತಿರಲಿಲ್ಲ.

ನಮ್ಮೂರು ತಮಿಳು ಸೀಮೆಗೆ ಸೇರಿದ ಹೊಸೂರು ಪ್ರಾಂತ್ಯದಲ್ಲಿ, ಅಂಚೆಟ್ಟಿ ದಾಟಿ ನಾಟ್ರಾಂಪಾಳ್ಯದ ಕಡೆ ಹೋಗುವ ದಾರಿಯಲ್ಲಿ, ಕಾಡಿನ ಅಂಚಿಗಿದೆ. ನಮ್ಮೂರು ಅಂದರೆ ಗಂಡನ ಊರು. ನಾನು ಹುಟ್ಟಿ ಬೆಳೆದದ್ದು ಸೂಳಗಿರಿಯಲ್ಲಿ, ದೊಡ್ಡ ರಸ್ತೆಯ ಪಕ್ಕದ ಮನೆಯಲ್ಲಿ; ಲಾರಿ ಸದ್ದು ಕೇಳದಿದ್ದರೆ ನಿದ್ದೆ ಬಾರದವಳು. ಎಪ್ಪತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ಇಲ್ಲಿಗೆ ಬಂದೆ. ಆಗ ಊರಿಗೆ ದಿನಕ್ಕೆ ಒಂದೇ ಬಸ್ಸು. ಬೆಳಿಗ್ಗೆ ಬಂದು ತಿರುಗಿಸಿಕೊಂಡು ಹೋಯಿತೆಂದರೆ ಮತ್ತೆ ಮಾರನೇ ದಿನವೇ. ಬಸ್ಸು ನಿಲ್ಲುವ ಹುಣಸೆಮರದ ಎದುರಿಗೇ ದೊಡ್ಡವ್ವನ ಮನೆ.

ಹೊಸ ಸೊಸೆಯಾಗಿ ಬಸ್ಸಿನಿಂದ ಇಳಿದ ದಿನ ಬಾಗಿಲಲ್ಲಿ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮೈತುಂಬ ಅರಿಶಿನ ಮೆತ್ತಿಕೊಂಡ ಹುಡುಗಿಯನ್ನು ಜನ ಏನು ಕೇಳುತ್ತಾರೆ? ಅಪ್ಪ ಏನು ಮಾಡ್ತಾರೆ, ಎಷ್ಟು ಓದಿದ್ದೀಯ, ಓಲೆ ಯಾರು ಕೊಟ್ಟರು. ಇವಳು ಕೇಳಿದ್ದು ಬೇರೆ.

"ಯಾವೂರು ಕಣಮ್ಮಿ?"

"ಸೂಳಗಿರಿ."

"ಅಲ್ಲಿ ಆಸ್ಪತ್ರೆ ಐತಾ?"

ನಾನು ಕಕ್ಕಾಬಿಕ್ಕಿಯಾದೆ. ಜ್ವರಗಿರ ಇದ್ದವಳ ಹಾಗೆ ಕಾಣುತ್ತಿದ್ದೇನಾ ಅಂತ ಕೆನ್ನೆ ಮುಟ್ಟಿ ನೋಡಿಕೊಂಡೆ. ಅತ್ತೆ ನನ್ನ ಕೈಹಿಡಿದು ಸರಸರ ಎಳೆದುಕೊಂಡು ಹೋದರು. "ಆಯಮ್ಮನ ಮಾತು ಕಟ್ಕಬ್ಯಾಡ. ಬಸುರಿ ಹೆಂಗಸ್ರು ಕಂಡ್ರೆ ಅವಳಿಗೆ ಏನೋ ಮೈಮ್ಯಾಲೆ ಬತ್ತದೆ," ಅಂದರು. ಬಸುರಿ ಅಂದದ್ದು ಕೇಳಿ ನನಗೆ ನಾಚಿಕೆಯಾಯಿತು. ಮದುವೆಯಾಗಿ ಇನ್ನೂ ವಾರ ತುಂಬಿರಲಿಲ್ಲ.

ಆಮೇಲೆ ಒಂದು ದಿನ ನೀರು ತರುವ ದಾರಿಯಲ್ಲಿ ಅವಳ ಮನೆಯೊಳಕ್ಕೆ ಹೋದೆ. ನಡುಮನೆಯ ತೊಲೆಯನ್ನು ನೋಡಿ ಬಾಯಿ ತೆರೆದೆ. ಉದ್ದಕ್ಕೂ ಬಟ್ಟೆಯ ಗಂಟುಗಳು ತೂಗುತ್ತಿದ್ದವು. ಒಂದು ಹಸಿರು ಸೀರೆಯದು, ಒಂದು ಕೆಂಪು ಅಂಚಿನದು, ಒಂದು ಬರೀ ಹಳೇ ಟವಲಿನದು. ದೊಡ್ಡವ್ವ ಎಲೆಯಡಿಕೆ ಜಗಿಯುತ್ತಾ, ಕೈಯಲ್ಲಿದ್ದ ಕೋಲಿನಿಂದ ಒಂದೊಂದನ್ನೇ ಮೆಲ್ಲಗೆ ತಟ್ಟಿ, ಇದು ಕುಂಬಾರರ ಮನೇದು, ಇದು ಮೇಲಿನ ಕೇರಿದು, ಇದು ನಮ್ಮ ಕಳ್ಳಿದು, ನಗ್ತಾ ನಗ್ತಾ ಎಂಟು ತಿಂಗಳು ಮಾಡ್ಕಂಡವ್ಳೆ, ಅಂತ ತೋರಿಸಿದಳು. ಮನೆಯೊಳಗೆ ಬಾವಲಿ ಸಾಕಿದ್ದಾಳೆ ಅಂತ ಗಂಡಸರು ಹಿಂದಿನಿಂದ ನಗುತ್ತಿದ್ದರಂತೆ. ಮುಂದಿನಿಂದ ನಗುವ ಧೈರ್ಯ ಯಾರಿಗಿತ್ತು?

ಅದು ಪರಸ್ತಾನ. ನಮ್ಮ ಕಡೆ ಹಳಬರಿಗೆಲ್ಲ ಗೊತ್ತಿದ್ದ ಪದ್ಧತಿ. ತಿರುಪತಿಗೋ ಎಲ್ಲಿಗೋ ದೂರ ಹೊರಡುವವರಿಗೆ ಹೊರಡುವ ದಿನ ಒಳ್ಳೆಯದಿಲ್ಲದಿದ್ದರೆ, ಮೊದಲೇ ಒಂದು ಒಳ್ಳೆ ದಿನ ನೋಡಿ ಅವರದೊಂದು ಬಟ್ಟೆ, ಒಂದು ಹಿಡಿ ಅಕ್ಕಿ, ಒಂದು ಅರಿಶಿನದ ಕೊಂಬು ಕಟ್ಟಿ ದಾರಿಯಲ್ಲಿರುವ ಬೇರೆಯವರ ಮನೆಯಲ್ಲಿ ಇಡುತ್ತಿದ್ದರು. ಗಂಟು ಹೊಸಿಲು ದಾಟಿತೆಂದರೆ ಮನುಷ್ಯ ಹೊರಟಂತೆಯೇ. ಆಮೇಲೆ ಯಾವ ದಿನ ಎದ್ದು ಹೋದರೂ ದೋಷವಿಲ್ಲ. ಇದನ್ನು ದೊಡ್ಡವ್ವ ಬಸುರಿಯರಿಗೆ ತಂದು ಹಚ್ಚಿದ್ದಳು. ಮಂಗಳವಾರ, ಶುಕ್ರವಾರ ಮನೆಯ ಹೆಣ್ಣನ್ನು ಹೊಸಿಲು ದಾಟಿಸಿ ಕಳಿಸಬಾರದು, ಕಳಿಸಿದರೆ ಲಕ್ಷ್ಮಿ ಅವಳ ಹಿಂದೆಯೇ ಹೋಗುತ್ತಾಳೆ ಅಂತ ಊರಿನ ನಂಬಿಕೆ. ಅಮಾವಾಸ್ಯೆ, ರಾಹುಕಾಲ ಅಂತ ಇನ್ನಷ್ಟು. ನೋವು ಇವನ್ನೆಲ್ಲ ಕೇಳಿಕೊಂಡು ಬರುತ್ತದೆಯೇ? ಅದಕ್ಕೇ ಎಂಟನೇ ತಿಂಗಳಲ್ಲಿ ಒಂದು ಒಳ್ಳೆ ದಿನ ದೊಡ್ಡವ್ವ ಮನೆಗೆ ಬರುತ್ತಿದ್ದಳು. ಸೀರೆ ಕೇಳಿ ಇಸಿದುಕೊಂಡು ಗಂಟು ಕಟ್ಟಿ, ಬಸ್ಸಿನೆದುರಿನ ತನ್ನ ಮನೆಯ ತೊಲೆಗೆ ನೇತುಹಾಕುತ್ತಿದ್ದಳು. "ಆಯ್ತು, ಇವಳು ಆಸ್ಪತ್ರೆಗೆ ಹೊಂಟಾಯ್ತು. ಇನ್ನು ಯಾವ ವಾರವೂ ಇವಳನ್ನ ತಡೆಯಂಗಿಲ್ಲ," ಅನ್ನುತ್ತಿದ್ದಳು.

"ಪರಸ್ತಾನ ಮೂರು ದಿನಕ್ಕೆ ಮಾತ್ರ ನಡೀತದೆ ಕಣಕ್ಕ, ತಿಂಗಳುಗಟ್ಲೆ ಅಲ್ಲ," ಅಂತ ನಮ್ಮತ್ತೆ ಒಮ್ಮೆ ತಿದ್ದಲು ಹೋಗಿದ್ದರು.

"ಬಸುರಿಗೆ ಅದೆಲ್ಲ ಇಲ್ಲ."

"ಯಾರು ಹೇಳಿದ್ದು?"

"ನಾನು ಹೇಳಿದ್ದು."

ಅಲ್ಲಿಗೆ ಮುಗಿಯಿತು.

ಇಷ್ಟು ಕೇಳಿದ ಮೇಲೆ ಅವಳು ಸೂಲಗಿತ್ತಿ ಇರಬೇಕು ಅಂತ ಯಾರಾದರೂ ಅಂದುಕೊಳ್ಳಬಹುದು. ಅಯ್ಯೋ, ಎಲ್ಲಿಯ ಮಾತು! ರಕ್ತ ಕಂಡರೆ ಅವಳಿಗೆ ತಲೆ ಸುತ್ತು. ಹೆರಿಗೆಯ ಬಗ್ಗೆ ನನಗಿಂತ ಹೆಚ್ಚೇನೂ ತಿಳಿದಿರಲಿಲ್ಲ. ಅವಳಿಗೆ ತಿಳಿದಿದ್ದು ಬಸ್ಸು. ಯಾರಿಗಾದರೂ ನೋವು ಹತ್ತಿದೆ ಅಂತ ಗೊತ್ತಾದರೆ ರಸ್ತೆಯ ನಡುವೆ ಕಾಲಗಲಿಸಿ ನಿಲ್ಲುತ್ತಿದ್ದಳು. ಕಂಡಕ್ಟರ್ ತಮಿಳಿನವನು. "ಸೀಕ್ರಂ, ಸೀಕ್ರಂ, ನೇರಮಾಚ್ಚು," ಬೇಗ, ಹೊತ್ತಾಯಿತು, ಅಂತ ಕೂಗುತ್ತಿದ್ದ. "ಇರ್ಲಾ ತಂಬಿ, ನಿಮ್ಮವ್ವ ನಿನ್ನ ಹೆರೋವಾಗ ಸೀಕ್ರಂ ಅಂದಿದ್ಯಾ?" ಅಂತ ಇವಳು. ಡ್ರೈವರಿಗೆ ವಾರಕ್ಕೊಮ್ಮೆ ಮುದ್ದೆ, ಹುರುಳಿಕಾಳು ಸಾರು. ಆ ಸಾರಿನ ಋಣಕ್ಕೆ ಅವನು ಹಾರ್ನ್ ಒತ್ತದೆ ಕಾಯುತ್ತಿದ್ದ.

ನಾನು ಬಸುರಿಯಾದೆ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಆದರೆ ನನ್ನಮ್ಮ ನಾನು ಚಿಕ್ಕವಳಿರುವಾಗಲೇ ತೀರಿಹೋಗಿದ್ದಳು. ಅಪ್ಪನೊಬ್ಬ ಬಾಣಂತನ ಮಾಡಿಯಾನೇ? ಹಾಗಾಗಿ ಅತ್ತೆಯ ಮನೆಯಲ್ಲೇ ಅಂತಾಯಿತು. ನಿಜ ಹೇಳುತ್ತೇನೆ, ನನಗೂ ಅದೇ ಬೇಕಿತ್ತು. ಅತ್ತೆ ಹಿತ್ತಿಲ ಕಡೆಯ ಕೋಣೆಯನ್ನು ಸಾರಿಸಿ ಹಿಡಿದುಕೊಳ್ಳಲು ಹಗ್ಗ ಇಳಿಬಿಟ್ಟಿದ್ದರು. ಹಂಡೆ ತೊಳೆದಿಟ್ಟಿದ್ದರು, ಹಳೇ ಸೀರೆಗಳನ್ನು ಒಗೆದು ಮೆತ್ತಗೆ ಮಡಿಸಿಟ್ಟಿದ್ದರು. ಮಗುವಿನ ಮಾಸನ್ನು ಹೂಳಲು ನುಗ್ಗೆಮರದ ಬುಡದಲ್ಲಿ ಜಾಗ ಕೂಡ ನೋಡಿಯಾಗಿತ್ತು. ಆ ಕೋಣೆಯಲ್ಲಿ ಸಾಂಬ್ರಾಣಿಯ ವಾಸನೆ. ಅಮ್ಮನಿಲ್ಲದ ನನಗೆ ಆ ಕತ್ತಲೆ, ಆ ಬಿಸುಪು, ಅಲ್ಲಿ ಓಡಾಡುವ ಹೆಂಗಸರ ಬಳೆಯ ಸದ್ದು, ಎಲ್ಲ ಅಮ್ಮನ ಮಡಿಲು ಅನ್ನಿಸುತ್ತಿತ್ತು. ಆಸ್ಪತ್ರೆ ಅಂದರೆ ಸೂಳಗಿರಿಯಲ್ಲಿ ನಾನು ಕಂಡಿದ್ದ ಫಿನಾಯಿಲಿನ ವಾಸನೆ, ಬಾಗಿಲಾಚೆ ನಿಂತು ಅಳುವ ಜನ.

ಎಂಟನೇ ತಿಂಗಳಲ್ಲಿ ದೊಡ್ಡವ್ವ ಬಂದು ಜಗಲಿಯ ಮೇಲೆ ಕೂತಳು. "ಸೀರೆ ಕೊಡು," ಅಂದಳು. ಅತ್ತೆ ಒಳಗಿನಿಂದ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದರು.

"ಇವಳನ್ನ ಕಳಿಸಾಕಿಲ್ಲ ಕಣಕ್ಕ. ಅಲ್ಲಿ ಗಂಡು ಡಾಕ್ಟ್ರು. ಕೂಗಿದ್ರೆ ನರ್ಸಮ್ಮ ತೊಡೆಗೆ ಹೊಡೀತಾಳಂತೆ. ನಮ್ಮೋರು ಒಬ್ರೂ ಒಳಕ್ಕೆ ಹೋಗಂಗಿಲ್ಲ. ತಣ್ಣೀರಲ್ಲಿ ಕೈ ತೊಳೀತಾರೆ, ಮಾಸು ಎಲ್ಲಿ ಬಿಸಾಕ್ತಾರೋ. ತಾಯಿಲ್ಲದ ಮಗು ಇದು. ಒಂಟಿಯಾಗಿ ಅಲ್ಲಿ ಮಲಗಿಸ್ಲಾ?"

"ನೀನು ಹೇಳಿದ್ದೆಲ್ಲ ದಿಟ," ಅಂದಳು ದೊಡ್ಡವ್ವ. ಜಗಳಕ್ಕೆ ಬಂದವಳು ಒಪ್ಪಿಕೊಂಡುಬಿಟ್ಟಳಲ್ಲ ಅಂತ ನನಗೆ ಆಶ್ಚರ್ಯ. "ಆಸ್ಪತ್ರೆ ಏನೂ ಚೆಂದಾಗಿಲ್ಲ. ಹೊಡೀತಾರೆ, ಬೈತಾರೆ. ನಿನ್ನ ಕೋಣೆನೇ ಚೆಂದ. ನಾನು ಚೆಂದಕ್ಕೆ ಕಳಿಸಲ್ಲಮ್ಮಿ. ವಾಪಸ್ ಬರಾಕೆ ಕಳಿಸ್ತೀನಿ."

"ನಾನು ಆರು ಹೆತ್ತಿದೀನಿ, ಇದೇ ಕೋಣೇಲಿ. ಯಾವ ಡಾಕ್ಟ್ರು ಬಂದಿದ್ದ?"

"ಉಳಿದದ್ದೆಷ್ಟು?"

ಅತ್ತೆ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು ಕುಸಿದು ಕೂತರು. ನನ್ನ ಗಂಡ, ಇನ್ನೊಬ್ಬ ಮಗ, ಇಬ್ಬರೇ ಉಳಿದಿದ್ದು ನನಗೆ ಗೊತ್ತಿತ್ತು. ಹೋದ ನಾಲ್ವರಿಗೂ ಅತ್ತೆ ಮನಸ್ಸಿನಲ್ಲಿ ಹೆಸರಿಟ್ಟುಕೊಂಡಿದ್ದರು ಅನ್ನುವುದು ಅವತ್ತು ಗೊತ್ತಾಯಿತು. ಒಬ್ಬೊಬ್ಬರ ಹೆಸರು ಹೇಳಿ ಅತ್ತರು. ದೊಡ್ಡವ್ವ ಜಗಲಿಯಿಂದಿಳಿದು ಅವರ ಪಕ್ಕದಲ್ಲಿ ನೆಲಕ್ಕೆ ಕೂತು ಬೆನ್ನು ಸವರಿದಳು. ತುಂಬಾ ಹೊತ್ತಾದ ಮೇಲೆ ಅತ್ತೆಯೇ ಎದ್ದು ಒಳಗೆ ಹೋಗಿ ನನ್ನ ನೀಲಿ ಸೀರೆಯನ್ನು ತಂದು ಅವಳ ಮಡಿಲಿಗೆ ಹಾಕಿದರು. ಅಕ್ಕಿಯನ್ನೂ ಅವರೇ ಹಿಡಿತುಂಬ ಸುರಿದರು.

ನೋವು ಹತ್ತಿದ್ದು ಮಂಗಳವಾರ ಮುಂಜಾನೆ. ಅತ್ತೆಯ ಬಾಯಿಂದ ಅಭ್ಯಾಸಬಲದಿಂದ, "ಅಯ್ಯೋ, ಮಂಗಳವಾರ," ಅಂತ ಬಂತು. ದೊಡ್ಡವ್ವ ಬಾಗಿಲಿಗೆ ಬಂದಿದ್ದಳು. "ಯಾರಿಗೆ ಮಂಗಳವಾರ? ಅವಳು ಹೊಂಟು ಎಷ್ಟೋ ದಿನ ಆಯ್ತು. ದಾರಿಯಾಗೆ ಇರೋಳಿಗೆ ವಾರ ಎಲ್ಲೀದು?" ಅಂದಳು. ಅತ್ತೆ ಎರಡೂ ಕೈ ಮುಗಿದು ಬಾಗಿಲು ಬಿಟ್ಟು ಸರಿದು ನಿಂತರು. ಬಸ್ಸು ಅಂಚೆಟ್ಟಿ ದಾಟಿ ಘಾಟಿ ಹತ್ತುವಾಗ ಪ್ರತಿ ತಿರುವಿನಲ್ಲೂ ನನ್ನ ಜೀವ ಬಾಯಿಗೆ ಬಂತು. ಒಂದು ಕಡೆ ಗಂಡ, ಇನ್ನೊಂದು ಕಡೆ ದೊಡ್ಡವ್ವ. ಘಾಟಿಯ ಒಂದು ಜಾಗದಲ್ಲಿ, ಬಂಡೆಯ ಪಕ್ಕ, ಅವಳು ನನ್ನ ಕೈಬಿಟ್ಟು ಮುಖಕ್ಕೆ ಸೆರಗು ಹಾಕಿಕೊಂಡಳು. ತಿರುವು ದಾಟಿದ ಮೇಲೆ ಮತ್ತೆ ಕೈ ಹಿಡಿದಳು. ಯಾಕೆಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಘಾಟಿಯಾಚೆಯ ಸರ್ಕಾರಿ ಆಸ್ಪತ್ರೆ ಅತ್ತೆ ಹೇಳಿದ ಹಾಗೇ ಇತ್ತು. ನನ್ನನ್ನು ಒಬ್ಬಳನ್ನೇ ಒಳಕ್ಕೆ ಕರೆದೊಯ್ದರು. ತಣ್ಣನೆಯ ತಗಡಿನ ಮೇಜು. "ಕತ್ತಾದೇ," ಕೂಗಬೇಡ, ಅಂತ ನರ್ಸು ತಮಿಳಿನಲ್ಲಿ ಗದರಿದಳು. ಹಿಡಿದುಕೊಳ್ಳಲು ಹಗ್ಗವಿರಲಿಲ್ಲ, ಯಾರ ಕೈಯೂ ಇರಲಿಲ್ಲ. ಅಮ್ಮಾ ಅಂತ ಕೂಗಿದೆ, ಆಮೇಲೆ ಅತ್ತೇ ಅಂತ ಕೂಗಿದೆ. ಮಗು ಹುಟ್ಟಿತು, ಹೆಣ್ಣು. ಅದರ ಅಳು ಕೇಳಿದ್ದು ನೆನಪಿದೆ. ಆಮೇಲೆ ರಕ್ತ ನಿಲ್ಲಲಿಲ್ಲ. ಓಡಾಟ, ಸೂಜಿ, ಬಾಟಲಿ. ಕೂಗಬೇಡ ಅಂದಿದ್ದ ಅದೇ ನರ್ಸು ನನ್ನ ಹೊಟ್ಟೆಯನ್ನು ಒತ್ತಿಹಿಡಿದು, ಕಣ್ಣು ಮುಚ್ಚಬೇಡಮ್ಮಾ, ನನ್ನನ್ನು ನೋಡು ಅಂತ ಅಳುವ ದನಿಯಲ್ಲಿ ಬೇಡುತ್ತಿದ್ದಳು. ಹಳ್ಳಿಯಲ್ಲಾಗಿದ್ದರೆ ಕೈಗೆ ಸಿಗುತ್ತಿರಲಿಲ್ಲ ಅಂತ ಡಾಕ್ಟರು ಆಮೇಲೆ ನನ್ನ ಗಂಡನಿಗೆ ಹೇಳಿದರಂತೆ.

ಇಷ್ಟೂ ಹೊತ್ತು ದೊಡ್ಡವ್ವ ಎಲ್ಲಿದ್ದಳು? ಗೇಟಿನ ಹತ್ತಿರ ಬೇವಿನ ಮರದಡಿ, ಕಟ್ಟಡಕ್ಕೆ ಬೆನ್ನು ಹಾಕಿ, ಎರಡೂ ಕಿವಿಗೆ ಬೆರಳಿಟ್ಟುಕೊಂಡು ಕೂತಿದ್ದಳಂತೆ. ಊರನ್ನೆಲ್ಲ ಗದರಿಸುವ ಹೆಂಗಸು!

ಮಾರನೇ ಬೆಳಿಗ್ಗೆ ನನ್ನ ಹಾಸಿಗೆಯ ಹತ್ತಿರ ಬಂದು ಮಗುವನ್ನು ನೋಡಿದಳು, ಎತ್ತಿಕೊಳ್ಳಲಿಲ್ಲ. ಕಾಲ ಬಳಿ ಕೂತಳು. ನಾನು ಕೇಳದೆಯೇ ಹೇಳಿದಳು.

"ನನ್ನ ಮಗಳು ಚೊಚ್ಚಲಿಗೆ ಬಂದಿದ್ಲು ಕಣಮ್ಮಿ. ನಿನ್ನಷ್ಟೇ ವಯಸ್ಸು. ಬೇಸ್ತವಾರ ನೋವು ಹತ್ತಿತು. ಸುಕ್ರವಾರ ಬೆಳಿಗ್ಗೆ ಸೂಲಗಿತ್ತಿ, ನನ್ನ ಕೈಲಾಗಲ್ಲ, ಮಗು ಅಡ್ಡ ಐತೆ, ಬಸ್ಸು ಹತ್ತಿಸ್ರಿ ಅಂದ್ಲು. ಬಸ್ಸು ಮನೆ ಮುಂದೇ ನಿಂತಿತ್ತು. ನನ್ನ ಮಗ ತಂಗೀನ ಎತ್ಕಂಡು ಬಾಗಿಲಿಗೆ ಬಂದ. ನಾನು ಹೊಸಿಲ ಮ್ಯಾಲೆ ನಿಂತ್ಕಂಡೆ." ಅವಳು ಎರಡೂ ತೋಳು ಚಾಚಿ ತೋರಿಸಿದಳು. "ಹಿಂಗೆ. ಸುಕ್ರವಾರ ಮನೆಮಗಳನ್ನ ಕಳಿಸಾಕಿಲ್ಲ ಕಣ್ಲಾ, ನಾಳೆ ಹೋಗ್ಲಿ ಅಂದೆ. ಲಕ್ಷ್ಮಿ ಹೋಗ್ಬುಡ್ತಾಳೆ ಅಂದೆ. ಅವಳು ಅಣ್ಣನ ತೋಳಲ್ಲೇ ಕಣ್ಣು ಬಿಟ್ಟು, ಅವ್ವ, ದಾರಿ ಬಿಡವ್ವ ಅಂದ್ಲು. ಅಷ್ಟೇ ಅಂದಿದ್ದು. ನಾನು ಬಿಡ್ನಿಲ್ಲ. ಬಸ್ಸು ಹೋಯ್ತು."

ಶನಿವಾರ ಬಸ್ಸು ಹತ್ತಿಸಿದರಂತೆ. ಘಾಟಿಯ ಆ ಬಂಡೆಯ ತಿರುವಿನಲ್ಲಿ ಹೋಗಿಬಿಟ್ಟಳು, ಹೊಟ್ಟೆಯೊಳಗಿನ ಮಗುವಿನ ಸಮೇತ.

ಅವಳ ಚಾಚಿದ ತೋಳು ಇನ್ನೂ ಹಾಗೇ ಇತ್ತು. ಹಿಡಿದು ಕೆಳಗಿಳಿಸಿದೆ. ಆಗ ಅತ್ತಳು, ವಾರ್ಡಿನ ಹೆಂಗಸರೆಲ್ಲ ತಿರುಗಿ ನೋಡುವ ಹಾಗೆ. ಕೂಗಬೇಡ ಅಂತ ಅವಳಿಗೆ ಯಾರೂ ಹೇಳಲಿಲ್ಲ.

ಊರಿಗೆ ವಾಪಸ್ ಬಂದ ದಿನ ಬಸ್ಸಿಳಿದ ಕೂಡಲೇ ತನ್ನ ಮನೆಗೆ ಕರೆದಳು. ಅದು ಅವಳ ಕ್ರಮ. ತೊಲೆಯಿಂದ ನನ್ನ ಗಂಟನ್ನು ಇಳಿಸಿ, ಅದರೊಳಗಿನ ಹಿಡಿ ಅಕ್ಕಿಯನ್ನು ಗಂಜಿ ಮಾಡಿ ಮೊದಲ ತುತ್ತು ನನ್ನ ಬಾಯಿಗಿಟ್ಟಳು. ವಾಪಸ್ ಬಂದವರಿಗೆಲ್ಲ ಹೀಗೆ. ಮುಂದೊಮ್ಮೆ ಮೇಲಿನ ಕೇರಿಯ ಹುಡುಗಿಯೊಬ್ಬಳು ಬರಿಗೈಯಲ್ಲಿ ಬಂದಳು, ಮಗು ಉಳಿದಿರಲಿಲ್ಲ. ಗಂಜಿ ಬೇಡ ಅಂತ ಬಟ್ಟಲು ತಳ್ಳಿದಾಗ, "ನೀನು ಬಂದ್ಯಲ್ಲ ಮಗಾ, ನೀನು ಬಂದ್ಯಲ್ಲ," ಅನ್ನುತ್ತಾ ಅವಳನ್ನು ಎದೆಗೊತ್ತಿಕೊಂಡು ಉಣ್ಣಿಸಿದ್ದನ್ನು ನಾನೇ ನೋಡಿದೆ.

ಅತ್ತೆ ಆಸ್ಪತ್ರೆಯ ವಾಸನೆ ಹೋಗುವವರೆಗೂ ನನಗೆ ಹಂಡೆಹಂಡೆ ಬಿಸಿನೀರು ಹುಯ್ದರು. ಆ ಬೆಚ್ಚನೆ ಕೋಣೆ ಬಾಣಂತನಕ್ಕೆ ದಕ್ಕಿತು. ಹಗ್ಗವನ್ನು ಬಿಚ್ಚಿ ಮಗುವಿನ ತೊಟ್ಟಿಲಿಗೆ ಕಟ್ಟಿದರು.

ಎಲ್ಲ ಗಂಟುಗಳೂ ಇಳಿಯುತ್ತಿದ್ದವು, ಹೊಸವು ಏರುತ್ತಿದ್ದವು. ಒಂದು ಮಾತ್ರ ಇಳಿಯುತ್ತಿರಲಿಲ್ಲ. ಗೋಡೆಯ ಕಡೆಯ ತುದಿಯಲ್ಲಿ, ಒಲೆಯ ಹೊಗೆಗೆ ಕಪ್ಪಾಗಿ, ಯಾವ ಬಣ್ಣದ ಸೀರೆ ಅಂತ ಕೂಡ ತಿಳಿಯದ ಒಂದು ಗಂಟು. ಅದನ್ನು ಅವಳು ಕೋಲಿನಿಂದ ತಟ್ಟುತ್ತಿರಲಿಲ್ಲ. ಸತ್ತ ಮಗಳದು ಅಂತ ಊರಿನವರೆಲ್ಲ ಅಂದುಕೊಂಡಿದ್ದರು, ನಾನೂ ಅಂದುಕೊಂಡಿದ್ದೆ. ಕೇಳುವ ಮಾತೇ ಅಲ್ಲ.

ಎಂಬತ್ತರ ದಶಕದ ಮೊದಲಲ್ಲಿ ನನ್ನ ಗಂಡನಿಗೆ ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಕೆಲಸ ಸಿಕ್ಕಿತು, ನಾವು ಅಲ್ಲಿಗೆ ಬಂದೆವು. ಎರಡನೆಯದಕ್ಕೆ ಬಸುರಿಯಾದಾಗ ಆಸ್ಪತ್ರೆ ನಡೆದು ಹೋಗುವಷ್ಟು ಹತ್ತಿರ. ಆದರೂ ಎಂಟನೇ ತಿಂಗಳಲ್ಲಿ ಬಾಗಿಲು ಬಡಿದ ಸದ್ದು. ನೋಡಿದರೆ ದೊಡ್ಡವ್ವ, ಬಸ್ಸಿನಲ್ಲಿ ನಿಂತು ಬಂದು ಕಾಲು ಊದಿಸಿಕೊಂಡು. "ಇಷ್ಟು ಹತ್ತಿರ ಐತಲ್ಲ ದೊಡ್ಡವ್ವ, ಇದಕ್ಕೂ ಗಂಟು ಬೇಕಾ?" ಅಂದೆ. "ಆಸ್ಪತ್ರೆ ಹತ್ತಿರ ಆದ್ರೆ ಹೊಸಿಲು ಕರಗೋಯ್ತದಾ? ತತ್ತಾ ಸೀರೆ," ಅಂತ ಗದರಿ ಇಸಿದುಕೊಂಡು ಹೋದಳು.

ಅದಾಗಿ ಕೆಲವು ವರ್ಷಗಳ ಮೇಲೆ ಅವಳಿಗೆ ಹುಷಾರಿಲ್ಲ ಅಂತ ಸುದ್ದಿ ಬಂತು. ಗುರುವಾರ ಹೊರಟು ಹೋದೆ. ಹೊಟ್ಟೆಯಲ್ಲಿ ಗಡ್ಡೆ, ಅನ್ನ ಇಳಿಯುತ್ತಿರಲಿಲ್ಲ. ತೊಲೆಯ ಕೆಳಗೇ ಚಾಪೆ ಹಾಸಿ ಮಲಗಿಸಿದ್ದರು. ತೊಲೆ ಬೋಳಾಗಿತ್ತು. ಊರಿಗೆ ಈಗ ದಿನಕ್ಕೆ ಮೂರು ಸಲ ಬಸ್ಸು, ಅಂಚೆಟ್ಟಿಯಲ್ಲಿ ಬಾಡಿಗೆ ಜೀಪು. ಹುಡುಗಿಯರು ವಾರ ಕೇಳದೆ ಎದ್ದು ಹೋಗುತ್ತಿದ್ದರು. ಆ ಕಪ್ಪು ಗಂಟೊಂದೇ ತುದಿಯಲ್ಲಿತ್ತು.

ನಾನು ಹಿಂದುಮುಂದು ನೋಡದೆ ಬಾಗಿಲಿಗೆ ಅಡ್ಡ ಕೂತು ಹಠ ಹಿಡಿದೆ. ನಾಳೆ ಬೆಳಿಗ್ಗೆ ಜೀಪು ಹೇಳುತ್ತೇನೆ, ಹೊಸೂರಿಗೆ ಕರೆದುಕೊಂಡು ಹೋಗುತ್ತೇನೆ, ದೊಡ್ಡ ಡಾಕ್ಟರಿಗೆ ತೋರಿಸುತ್ತೇನೆ ಅಂದೆ. ಅವಳ ಸೊಸೆ ಮೆಲ್ಲಗೆ, "ನಾಳೆ ಶುಕ್ರವಾರ," ಅಂದಳು. ಅಂದವಳು ನಾಲಿಗೆ ಕಚ್ಚಿಕೊಂಡಳು.

ದೊಡ್ಡವ್ವ ನಕ್ಕಳು. ಮೂಳೆಯಷ್ಟೇ ಉಳಿದಿದ್ದ ಆ ಮುಖದಲ್ಲಿ ಹಳೇ ನಗು. "ನಂಗ್ಯಾವ ಸುಕ್ರವಾರ? ನಾನು ಹೊಂಟು ಎಷ್ಟು ವರ್ಷ ಆಯ್ತು," ಅಂದಳು. ಬೆರಳೆತ್ತಿ ತೊಲೆಯ ತುದಿಯನ್ನು ತೋರಿಸಿದಳು. "ಅದು ನಂದೇ."

"ಅದು ಮಗಳದಲ್ವಾ ದೊಡ್ಡವ್ವ?"

"ಅವಳ ಗಂಟು ಯಾರು ಇಟ್ಟಿದ್ರು? ಇಟ್ಟಿದ್ರೆ ಅವಳು ಇರ್ತಿದ್ಲು. ಅವಳನ್ನ ಮಣ್ಣು ಮಾಡಿ ಬಂದು ನನ್ನ ಸೀರೆ ನಾನೇ ಕಟ್ಟಿ ನೇತಾಕ್ದೆ. ಇಡಾಕೆ ಬ್ಯಾರೆ ಮನೆ ಬೇಕಂತಾರೆ. ಅವಳು ಹೋದ ಮ್ಯಾಲೆ ಇದು ನನ್ನ ಮನೇನೇ ಆಗಿರ್ನಿಲ್ಲ ಕಣಮ್ಮಿ."

"ಹಂಗಾದ್ರೆ ಒಳ್ಳೇದೇ ಆಯ್ತು, ಗಂಟು ಇಟ್ಟಾಗಿದೆ. ನಾಳೆ ಆಸ್ಪತ್ರೆಗೆ ಹೋಗೋಣ," ಅಂದೆ. ಅಳು ಒತ್ತಿ ಬರುತ್ತಿತ್ತು, ಹಠ ಬಿಡಲಿಲ್ಲ.

"ಅದು ಆಸ್ಪತ್ರೆಗೆ ಕಟ್ಟಿದ್ದಲ್ಲ. ಆಸ್ಪತ್ರೆ ವಾಪಸ್ ಬರೋರಿಗೆ." ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡಳು. ಮುಂದೆ ಬೈಯಲಿಲ್ಲ, ಗದರಲಿಲ್ಲ. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. "ಬಾಗಿಲಿಗೆ ಅಡ್ಡ ಕೂತಿದೀಯ. ದಾರಿ ಬಿಡು ಮಗಾ."

ಎದ್ದು ಪಕ್ಕಕ್ಕೆ ಬಂದು ಅವಳ ತಲೆಯನ್ನು ಮಡಿಲಿಗೆ ಹಾಕಿಕೊಂಡೆ.

ಬೆಳಿಗ್ಗೆ ಬಸ್ಸು ಬಂದು ಹುಣಸೆಮರದಡಿ ನಿಂತ ಹೊತ್ತಿಗೆ ಅವಳು ಹೋದಳು. ಅವಳ ಮಗ ತೊಲೆಯಿಂದ ಆ ಗಂಟನ್ನು ಇಳಿಸಿದ. ಅಕ್ಕಿ ಹುಳು ಹಿಡಿದು ಹಿಟ್ಟಾಗಿತ್ತು, ಸೀರೆ ಮಡಿಕೆಯೊಳಗೆ ಇನ್ನೂ ಹಳದಿಯಾಗಿತ್ತು. ಅದನ್ನೇ ಹೊದಿಸಿದೆವು. ಅವಳ ಕೈಯಿಂದ ಗಂಜಿ ಉಂಡ ಹೆಂಗಸರೆಲ್ಲ ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಂಗಳದಲ್ಲಿ ನಿಂತು ಅಳುತ್ತಿದ್ದರು. ಸಂಜೆಯಾಗುವ ಮೊದಲೇ ನಾಲ್ಕು ಜನ ಅವಳನ್ನು ಹೊಸಿಲು ದಾಟಿಸಿದರು. ಅವತ್ತು ಶುಕ್ರವಾರ. ಯಾರೂ ತಡೆಯಲಿಲ್ಲ.